ಪಟ್ಟಿಗೆ ಹೆಸರು ಸೇರಿಸುವ ಮುನ್ನ

ಪುಟ್ಟೀ,

ನೀನೂ ನಿನ್ನ ಗೆಳೆಯರೂ ಸೇರಿ ಮಾಡುತ್ತಿರುವ ಸ್ಟ್ರಾಟೆಜಿ ಗೇಮಿಗೆ ಯಾವ ಯಾವ ನಾಗರಿಕತೆಗಳು ಬೇಕು ಎಂದು ಬರೆದ ಪಟ್ಟಿಯನ್ನು ಓದಿದೆ. ರೋಮ್, ಈಜಿಪ್ಟ್, ಚೀನಾ, ಮಂಗೋಲರು, ಮೌರ್ಯರು, ಚೋಳರು, ವಿಜಯನಗರ. ಎಲ್ಲವೂ ದೊಡ್ಡ ಹೆಸರುಗಳೇ, ಯಾವುದನ್ನೂ ತಪ್ಪೆನ್ನಲಾರೆ. ಆದರೆ ಪ್ರತಿ ಹೆಸರಿನ ಮುಂದೆ ನೀವು ಬರೆದಿರುವುದು ಬಾವುಟದ ಬಣ್ಣ, ರಾಜನ ಹೆಸರು, ಮತ್ತು ‘ಕಾಲಾಳಿಗೆ ಶೇಕಡಾ 10 ಬಲ’ ಎಂಬಂಥ ಒಂದು ಬೋನಸ್. ಬಾವುಟಗಳನ್ನು ಅದಲು ಬದಲು ಮಾಡಿದರೂ ನಿಮ್ಮ ಆಟ ಹಾಗೇ ನಡೆಯುತ್ತದೆ. ನನಗೆ ಕಳವಳವಾದದ್ದು ಅಲ್ಲೇ.

ಇತಿಹಾಸ ಪಾಠ ಮಾಡಿದವನಾಗಿ, ಈ ಬಗೆಯ ಆಟಗಳನ್ನು ಇಷ್ಟಪಟ್ಟು ಆಡಿದವನಾಗಿ ನಾನು ಹೇಳುವುದು ಇಷ್ಟು: ಚಿತ್ರ ಬರೆಯುವ ಮೊದಲು ಪ್ರತಿ ಜನಾಂಗಕ್ಕೂ ಎರಡು ಪ್ರಶ್ನೆಗೆ ಉತ್ತರ ಬರೆದುಕೊ. ಇವರನ್ನು ಆರಿಸಿಕೊಂಡ ಆಟಗಾರ ಬೇರೆ ಯಾರೂ ಮಾಡದ ಯಾವ ಕೆಲಸ ಮಾಡಬೇಕಾಗುತ್ತದೆ? ಎಲ್ಲರೂ ಮಾಡುವ ಯಾವ ಕೆಲಸ ಇವನ ಕೈಲಿ ಆಗುವುದಿಲ್ಲ? ಉತ್ತರ ಅವರ ಚರಿತ್ರೆಯಿಂದಲೇ ಹುಟ್ಟಬೇಕು. ಹುಟ್ಟದಿದ್ದರೆ, ಎಷ್ಟೇ ದೊಡ್ಡ ಸಾಮ್ರಾಜ್ಯವಾಗಿದ್ದರೂ ಆ ಹೆಸರನ್ನು ಸದ್ಯಕ್ಕೆ ಬದಿಗಿಡು.

‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ಹೂಣರನ್ನು ಆಡಿದ್ದೀಯಲ್ಲ? ಬೇರೆಯವರೆಲ್ಲ ಜನಸಂಖ್ಯೆ ಏರಬೇಕಾದರೆ ಮನೆಯ ಮೇಲೆ ಮನೆ ಕಟ್ಟುತ್ತಲೇ ಇರಬೇಕು. ಹೂಣರಿಗೆ ಮನೆಯೇ ಬೇಡ. ಕುದುರೆಯ ಮೇಲೇ ಬದುಕು ಕಳೆದ ಅಲೆಮಾರಿ ಜನರ ನಡೆ ಆ ಒಂದು ನಿಯಮದಲ್ಲಿ ಪೂರ್ತಿ ಬಂದುಬಿಟ್ಟಿದೆ. ‘ಸಿವಿಲೈಸೇಶನ್ 5’ರಲ್ಲಿ ವೆನಿಸ್ ಹೊಸ ಊರು ಕಟ್ಟುವ ಹಾಗಿಲ್ಲ. ಅದು ತಾನೇ ಕಟ್ಟುವುದು ಒಂದೇ ನಗರ, ಆದರೆ ವ್ಯಾಪಾರದ ದಾರಿಗಳು ಇತರರಿಗಿಂತ ದುಪ್ಪಟ್ಟು. 2019ರಲ್ಲಿ ‘ಸಿವಿಲೈಸೇಶನ್ 6’ಕ್ಕೆ ಮಾವೊರಿಗಳು ಬಂದಾಗ ಅವರ ಆಟ ನೆಲದ ಮೇಲೆ ಶುರುವಾಗಲಿಲ್ಲ, ನಡುಸಮುದ್ರದಲ್ಲಿ ಶುರುವಾಯಿತು. ಎಲ್ಲಿ ಇಳಿಯಬೇಕೆಂದು ಆಟಗಾರ ಹುಡುಕಿಕೊಳ್ಳಬೇಕು. ಶಾಂತಸಾಗರವನ್ನು ದೋಣಿಯಲ್ಲಿ ದಾಟಿದವರ ಮೊದಲ ದಿನಗಳು ಹೇಗಿದ್ದಿರಬಹುದು ಎಂಬ ಅಳುಕು ಆಡುವವನ ಮೈಗೇ ಹತ್ತುತ್ತದೆ. ಪುಸ್ತಕದಲ್ಲಿ ಹತ್ತು ಪುಟ ಓದಿದರೂ ಅದು ಹೀಗೆ ದಕ್ಕುವುದಿಲ್ಲ. ನಿಮ್ಮ ಮಾಧ್ಯಮಕ್ಕಿರುವ ಶಕ್ತಿ ಇದು.

ಇನ್ನು ಗೋಣಿಚೀಲದ ತಪ್ಪು. ಹತ್ತು ಊರಿನ ಕಾಳನ್ನು ಒಂದೇ ಚೀಲಕ್ಕೆ ಸುರಿದು ಮೇಲೊಂದು ಹೆಸರು ಬರೆಯುವುದು. 2007ರಲ್ಲಿ ‘ಸಿವಿಲೈಸೇಶನ್ 4’ರ ವಿಸ್ತರಣೆಯೊಂದು ‘ನೇಟಿವ್ ಅಮೆರಿಕ’ ಎಂಬ ಒಂದೇ ಸಾಮ್ರಾಜ್ಯ ಮಾಡಿತು. ನಾಯಕ ಸಿಟ್ಟಿಂಗ್ ಬುಲ್, ಅಂದರೆ ಬಯಲುಸೀಮೆಯ ಲಕೋಟ. ವಿಶೇಷ ಪಡೆ ‘ಡಾಗ್ ಸೋಲ್ಜರ್’, ಅದು ಶೈಯನ್ ಜನರದು. ವಿಶೇಷ ಕಟ್ಟಡ ‘ಟೋಟೆಮ್ ಕಂಬ’, ಅದು ದೂರದ ಪೆಸಿಫಿಕ್ ತೀರದ ಕಾಡುಗಳ ಜನರದು. ಮೂವರೂ ಬೇರೆ ಬೇರೆ ಜನ, ಬೇರೆ ಭಾಷೆಯವರು. ಆಟದಲ್ಲಿ ಎಲ್ಲರೂ ಒಬ್ಬರೇ ಆಗಿಹೋದರು.

ನಮ್ಮ ಪಾಲಿಗೂ ಅಂಥ ಚೀಲವೊಂದು ಬಂದಿದೆ. ‘ಏಜ್ ಆಫ್ ಎಂಪೈರ್ಸ್ 2’ 1999ರಲ್ಲಿ 13 ಜನಾಂಗಗಳೊಂದಿಗೆ ಬಂದಾಗ ಭಾರತವೇ ಇರಲಿಲ್ಲ. 2013ರಲ್ಲಿ ‘ಇಂಡಿಯನ್ಸ್’ ಎಂದು ಒಂದು ಜನಾಂಗ ಸೇರಿತು. 2022ರ ಏಪ್ರಿಲ್‌ನಲ್ಲಿ ಅದನ್ನು ಒಡೆದು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ನಾಲ್ಕು ಮಾಡಿದರು. ದೊಡ್ಡ ಹೆಜ್ಜೆಯೇ, ನಾನು ಮನಸಾರೆ ಸಂತೋಷಪಟ್ಟೆ. ಆದರೆ ದ್ರಾವಿಡರೊಳಗೆ ಏನಿದೆ ನೋಡು. ಕಾಲಾಳಿನ ಕೈಗೆ ಕೇರಳದ ಕಳರಿಯ ಉರುಮಿ ಕತ್ತಿ. ಕಡಲಿನಲ್ಲಿ ಚೋಳರ ಹಡಗು. ಕಥೆ ರಾಜೇಂದ್ರ ಚೋಳನದು. ಸೈನಿಕರಾಡುವ ಮಾತು ತಮಿಳು. ನೈಟ್ ಎನ್ನುವ ಭಾರಿ ಕುದುರೆಸವಾರ ಪಡೆ ಅವರಿಗಿಲ್ಲ. ಕಡಲ ಕಡೆಗೆ ಮುಖ ಮಾಡಿದ ಚೋಳರಿಗೆ ಇದು ಹೊಂದುತ್ತದೆ. ದಖ್ಖನಿನ ಪ್ರಸ್ಥಭೂಮಿಯಲ್ಲಿ ಕುದುರೆ ಇದ್ದರೆ ಉಳಿವು, ಇಲ್ಲದಿದ್ದರೆ ಸೋಲು ಎಂದು ಬದುಕಿದ ವಿಜಯನಗರಕ್ಕೆ ಹೇಗೆ ಹೊಂದೀತು? ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದ ಪ್ರಕಾರ ವಿಜಯನಗರದ ಅರಸ ವರ್ಷಕ್ಕೆ ಹಾರ್ಮುಜಿನ 13,000 ಕುದುರೆಗಳನ್ನು ಕೊಳ್ಳುತ್ತಿದ್ದ. ಆ ಲೆಕ್ಕದಲ್ಲಿ ವ್ಯಾಪಾರಿಯ ಉತ್ಸಾಹ ಸ್ವಲ್ಪ ಸೇರಿರಲಿ, ಕುದುರೆಯ ಹಸಿವು ಮಾತ್ರ ನಿಜ.

ಹಾಗೆಂದು ಒಡೆಯುತ್ತಾ ಹೋಗುವುದೇ ಪರಿಹಾರ ಎಂದುಕೊಳ್ಳಬೇಡ. ಅದೇ ಆಟಕ್ಕೆ 2025ರಲ್ಲಿ ಚೀನಾದ ಮೂರು ರಾಜ್ಯಗಳ ಕಾಲದ ಶು, ವೇಯಿ, ವು ಮೂರನ್ನೂ ಮೂರು ಜನಾಂಗಗಳಾಗಿ ಸೇರಿಸಿದಾಗ ಹಳೆಯ ಆಟಗಾರರೇ ಬೇಸರಪಟ್ಟರು. ಒಂದೇ ಜನ, ಒಂದೇ ಸಂಸ್ಕೃತಿ, ಕೆಲವು ದಶಕಗಳ ರಾಜಕೀಯ ಒಡಕು. ಅದನ್ನು ಮೂರು ನಾಗರಿಕತೆ ಎನ್ನಬಹುದೇ, ಟಿಬೆಟ್ಟಿನವರಿಗೆ ಇನ್ನೂ ಜಾಗವೇ ಸಿಗದಿರುವಾಗ? ಅವರ ಪ್ರಶ್ನೆ ನ್ಯಾಯವಾದದ್ದು ಎಂದೇ ನನ್ನ ಭಾವನೆ. ನಮ್ಮಲ್ಲೂ ಗೆರೆ ಎಳೆಯುವುದು ಸುಲಭವಲ್ಲ. ಚಾಲುಕ್ಯರೂ ಚೋಳರೂ ತಲೆಮಾರುಗಟ್ಟಲೆ ಕಾದಾಡಿದರು, ಸರಿ. ಆದರೆ 1070ರಲ್ಲಿ ಚೋಳ ಸಿಂಹಾಸನ ಏರಿದ ಮೊದಲನೆಯ ಕುಲೋತ್ತುಂಗ ತಂದೆಯ ಕಡೆಯಿಂದ ವೆಂಗಿಯ ಚಾಲುಕ್ಯ, ತಾಯಿಯ ಕಡೆಯಿಂದ ರಾಜೇಂದ್ರ ಚೋಳನ ಮೊಮ್ಮಗ. ಅವನನ್ನು ಯಾವ ಬಾವುಟದಡಿ ನಿಲ್ಲಿಸುತ್ತೀ? ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಯಿಸಿದ ರಾಷ್ಟ್ರಕೂಟರ ರಾಜಧಾನಿ ಇದ್ದದ್ದು ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಆ ದೇವಾಲಯ ಇರುವುದು ಇಂದಿನ ಮಹಾರಾಷ್ಟ್ರದಲ್ಲಿ. ಇವತ್ತಿನ ರಾಜ್ಯಗಳ ಗಡಿಯನ್ನು ಒಂಬತ್ತನೇ ಶತಮಾನದ ಮ್ಯಾಪಿನ ಮೇಲೆ ಹೊದಿಸಬೇಡ. ಅಭಿಮಾನ ನನಗೂ ಇದೆ. ಅದು ಕೆಲಸಕ್ಕೆ ಹಚ್ಚುವ ಶಕ್ತಿಯಾಗಿರಲಿ, ಅಳತೆಗೋಲು ಆಗದಿರಲಿ.

ನಿನ್ನ ಪಟ್ಟಿಯಲ್ಲಿ ಇನ್ನೊಂದು ದೊಡ್ಡ ಖಾಲಿ ಜಾಗವಿದೆ. ಅದು ನಿನ್ನೊಬ್ಬಳದಲ್ಲ. ‘ಹ್ಯೂಮನ್‌ಕೈಂಡ್’ 2021ರಲ್ಲಿ ಬಂದಾಗ ಭಾರತದ ಪಾಲಿಗೆ ಹರಪ್ಪದವರಿದ್ದರು, ಮೌರ್ಯರಿದ್ದರು, ಆಮೇಲೆ ನೇರವಾಗಿ ಮೊಘಲರು. ನಡುವೆ ಸುಮಾರು 1,700 ವರ್ಷ! ಕದಂಬರು, ಬಾದಾಮಿಯ ಚಾಲುಕ್ಯರು, ಪಲ್ಲವರು, ರಾಷ್ಟ್ರಕೂಟರು, ಪಾಲರು, ಹೊಯ್ಸಳರು, ಕಾಕತೀಯರು ಎಲ್ಲರೂ ಬಾಳಿ ಹೋದ ಕಾಲ ಅದು. ಶಾಲೆಯ ಪುಸ್ತಕದಲ್ಲಿ ಉತ್ತರದ ದೊಡ್ಡ ಸಾಮ್ರಾಜ್ಯಗಳ ನಡುವಣ ಅವಧಿಯನ್ನು ‘ಚಿಕ್ಕಪುಟ್ಟ ರಾಜ್ಯಗಳ ಕಾಲ’ ಎಂದು ಎರಡು ಪುಟದಲ್ಲಿ ದಾಟಿಸುವ ಅಭ್ಯಾಸವೇ ಆಟಗಳಿಗೂ ಇಳಿದಿದೆ. 2025ರ ‘ಸಿವಿಲೈಸೇಶನ್ 7’ ಮೌರ್ಯ ಮತ್ತು ಮೊಘಲರ ನಡುವೆ ಚೋಳರನ್ನು ತಂದಿತು, ಒಳ್ಳೆಯದಾಯಿತು.

ನಾಯಕರ ವಿಷಯದಲ್ಲೂ ಇಂಥದೇ ಸೋಮಾರಿತನ ನಡೆದಿದೆ. 1991ರ ಮೊದಲ ‘ಸಿವಿಲೈಸೇಶನ್’ನಿಂದಲೇ ಭಾರತವೆಂದರೆ ಗಾಂಧೀಜಿ. ಸಿಂಹಾಸನದ ಮೇಲೆ ಎಂದೂ ಕೂರದ ವ್ಯಕ್ತಿಯನ್ನು ಸಾವಿರಾರು ವರ್ಷಗಳ ಅರಸೊತ್ತಿಗೆಗೆ ಮುಖವಾಗಿ ನಿಲ್ಲಿಸಿದರು. ಅವರು ಅಣುಬಾಂಬು ಹಾಕುವುದು ಮೊದಲ ಆಟದ ಒಂದು ಲೆಕ್ಕದ ದೋಷದಿಂದ ಎಂಬ ಕಥೆ ಹರಡಿತು. ಅಂಥ ದೋಷ ಇರಲೇ ಇಲ್ಲವೆಂದು ಆ ಆಟ ಮಾಡಿದ ಸಿಡ್ ಮೈಯರ್ 2020ರಲ್ಲಿ ಬಂದ ಆತ್ಮಕಥನದಲ್ಲಿ ಬರೆದರು. ಆದರೂ ನಗೆಯ ಮಾತು ಉಳಿದುಕೊಂಡಿತು, ಮುಂದಿನ ಆಟಗಳಲ್ಲಿ ಬೇಕೆಂದೇ ಹಾಗೆ ಮಾಡಿದ್ದೂ ಆಯಿತು. ಒಬ್ಬ ಮನುಷ್ಯನ ಇಡೀ ಬಾಳಿನ ಸತ್ಯಕ್ಕೆ ತದ್ವಿರುದ್ಧವಾದದ್ದು ಲಕ್ಷಾಂತರ ಮಕ್ಕಳ ಮನಸ್ಸಿನಲ್ಲಿ ಮೊದಲ ಪರಿಚಯವಾಗಿ ಕೂತಿತು. ನೀವು ಬರೆಯುವ ಒಂದು ಸಂಖ್ಯೆ ಇಷ್ಟು ದೂರ ಹೋಗಬಲ್ಲದು.

ಈಗ ಎಲ್ಲಕ್ಕಿಂತ ಮುಖ್ಯವೆಂದು ನಾನು ನಂಬಿರುವ ವಿಷಯ. ಕೆಲವು ಜನಾಂಗಗಳು ಪುಸ್ತಕದಲ್ಲಷ್ಟೇ ಇಲ್ಲ, ಇವತ್ತೂ ಬದುಕಿವೆ. 2018ರ ಜನವರಿಯಲ್ಲಿ ಕೆನಡಾದ ಕ್ರೀ ಜನಾಂಗವನ್ನು, ಅವರ ನಾಯಕ ಪೌಂಡ್‌ಮೇಕರ್‌ನನ್ನು ‘ಸಿವಿಲೈಸೇಶನ್ 6’ಕ್ಕೆ ಸೇರಿಸುತ್ತೇವೆಂದು ಪ್ರಕಟವಾದಾಗ, ಪೌಂಡ್‌ಮೇಕರ್ ಹೆಸರನ್ನೇ ಹೊತ್ತ ಕ್ರೀ ಸಮುದಾಯದ ಮುಖಂಡರೊಬ್ಬರು ಬಹಿರಂಗವಾಗಿಯೇ ವಿರೋಧಿಸಿದರು. ನಮ್ಮನ್ನು ಯಾರೂ ಕೇಳಲಿಲ್ಲ ಎಂಬುದು ಒಂದು ನೋವು. ಇನ್ನೊಂದು ಇನ್ನೂ ಆಳದ್ದು: ಬೇರೆಯವರ ನೆಲವನ್ನು ಗೆದ್ದು ಹಿಡಿಯುವುದು ನಮ್ಮ ಬದುಕಿನ ಗುರಿಯಾಗಿರಲಿಲ್ಲ, ವಸಾಹತು ಮಾಡಲು ಬಂದವರ ಮೌಲ್ಯವನ್ನು ನಮಗೆ ತೊಡಿಸುತ್ತಿದ್ದೀರಿ ಎಂಬುದು. ತಂಡ ಕ್ರೀಗಳನ್ನು ಗೌರವದಿಂದಲೇ ಚಿತ್ರಿಸಿತ್ತು, ಅವರಿಗೆ ವ್ಯಾಪಾರದ ಬಲ ಕೊಟ್ಟಿತ್ತು. ಆದರೆ ಆ ಆಟದಲ್ಲಿ ಕ್ರೀ ವ್ಯಾಪಾರಿ ಊರಿನ ಹತ್ತಿರದ ಯಾರದೂ ಅಲ್ಲದ ನೆಲದ ಮೇಲೆ ಮೊದಲ ಸಲ ನಡೆದರೆ ಆ ನೆಲ ಕ್ರೀಗಳದಾಗುತ್ತದೆ. ಸ್ನೇಹದ ವ್ಯಾಪಾರವೂ ಕೊನೆಗೆ ನೆಲ ಹಿಡಿಯುವ ದಾರಿಯೇ ಆಯಿತು. ತಪ್ಪು ಕ್ರೀಗಳನ್ನು ಆರಿಸಿದ್ದರಲ್ಲಿ ಇರಲಿಲ್ಲ. ನೆಲ ಹೆಚ್ಚಿದಷ್ಟೂ ಗೆಲುವು ಹತ್ತಿರ ಎಂಬ ಅಡಿಪಾಯದಲ್ಲೇ ಇತ್ತು. ಆದ್ದರಿಂದ ಪಟ್ಟಿ ಮಾಡುವ ಮೊದಲು ನಿಮ್ಮ ಗೆಲುವಿನ ನಿಯಮಗಳನ್ನು ಇನ್ನೊಮ್ಮೆ ತೆಗೆದು ನೋಡಿ.

ಕೇಳಿ, ಬೇಡವೆಂದರೆ ಬಿಡುವುದೂ ಒಂದು ಯೋಗ್ಯ ನಡೆ. ‘ಸಿವಿಲೈಸೇಶನ್ 5’ಕ್ಕೆ ಪ್ಯೂಬ್ಲೊ ಜನರನ್ನು ತರಬೇಕೆಂದಿತ್ತು. 1680ರಲ್ಲಿ ಸ್ಪೇನಿನ ವಿರುದ್ಧ ದಂಗೆಯೆದ್ದ ಪೊಪೇ ನಾಯಕನಾಗಬೇಕಿತ್ತು. ಅವನನ್ನು ಹಾಗೆ ತೆರೆಯ ಮೇಲೆ ತೋರಿಸುವುದು ಪ್ಯೂಬ್ಲೊ ಹಿರಿಯರಿಗೆ ಒಪ್ಪಿಗೆಯಾಗಲಿಲ್ಲ. ತಂಡ ಹಿಂದೆ ಸರಿದು, 2013ರ ವಿಸ್ತರಣೆಯಲ್ಲಿ ಶೋಶೋನಿಗಳನ್ನು ತಂದಿತು. ‘ಏಜ್ ಆಫ್ ಎಂಪೈರ್ಸ್ 3’ರ ಹೊಸ ಆವೃತ್ತಿ 2020ರಲ್ಲಿ ಬಂದಾಗ ಮೂಲನಿವಾಸಿ ಸಲಹೆಗಾರರ ಮಾತು ಕೇಳಿ ಇರೊಕ್ವಾ, ಸೂ ಎಂಬ ಹೊರಗಿನವರಿಟ್ಟ ಹೆಸರುಗಳನ್ನು ತೆಗೆದು ಹೊಡೆನೊಶೌನಿ, ಲಕೋಟ ಎಂದು ಅವರವರೇ ಹೇಳಿಕೊಳ್ಳುವ ಹೆಸರಿಟ್ಟರು. ಚಿನ್ನದ ಗಣಿ ಅಗೆಯುವುದು ಆ ಜನರ ಬದುಕಲ್ಲವೆಂದು ಅದರ ಬದಲು ಒಂದು ಸಂತೆ ಕೊಟ್ಟರು. ಬೆಂಕಿಯ ಸುತ್ತ ಕುಣಿದು ಬಲ ಪಡೆಯುವ ಕಟ್ಟಡವನ್ನೂ ತೆಗೆದುಹಾಕಿದರು. ‘ಸಿವಿಲೈಸೇಶನ್ 7’ರಲ್ಲಿ ಶಾನಿ ಜನಾಂಗ ಬಂದದ್ದು ಅವರ ಮುಖ್ಯಸ್ಥರೇ ಜೊತೆಗೆ ಕೂತು ಕೆಲಸ ಮಾಡಿದ ಮೇಲೆ. ಅಲ್ಲಿ ಅವರ ನಾಯಕ ತೆಕುಮ್ಸೆ ಮಾತಾಡುವುದು ಶಾನಿ ಭಾಷೆಯಲ್ಲಿ. ತಮ್ಮ ಭಾಷೆ ಉಳಿಯಲಿ ಎಂದು ಹೆಣಗುವ ಒಂದು ಸಣ್ಣ ಸಮುದಾಯಕ್ಕೆ ಅದು ಎಂಥ ದಿನವಾಗಿದ್ದಿರಬೇಕು!

ಇದನ್ನೆಲ್ಲ ದೂರದ ಸುದ್ದಿ ಎಂದುಕೊಳ್ಳಬೇಡ. ತುಳುನಾಡನ್ನು ಸೇರಿಸಬೇಕೆಂಬ ಆಸೆ ನಿನ್ನ ಟಿಪ್ಪಣಿಯಲ್ಲಿದೆ, ಪಕ್ಕದಲ್ಲಿ ‘ದೈವ: ವಿಶೇಷ ಯೂನಿಟ್’ ಎಂದು ಬರೆದಿದ್ದೀಯ. ಅದನ್ನು ಹೊಡೆದುಹಾಕು, ಪುಟ್ಟಿ. ಕೋಲದ ದೈವ ಇವತ್ತೂ ಊರಿನವರ ದೂರು ಕೇಳಿ ನುಡಿ ಕೊಡುವ, ಮನೆಮನೆ ನಂಬಿಕೊಂಡಿರುವ ಆರಾಧನೆ. ಅದಕ್ಕೆ ಪ್ರಾಣಬಿಂದು ಇಟ್ಟು, ಬಾಣ ಬಿಟ್ಟರೆ ಸಾಯುವ ಹಾಗೆ ಮಾಡಲು ನಮಗೆ ಹಕ್ಕಿಲ್ಲ. ತುಳುನಾಡು ಬೇಕೆಂದರೆ ಉಳ್ಳಾಲದ ರಾಣಿ ಅಬ್ಬಕ್ಕ ಇದ್ದಾಳೆ, ಪೋರ್ಚುಗೀಸರನ್ನು ಎದುರಿಸಿದ ಕರಾವಳಿ ಇದೆ, ಮೆಣಸು ಅಕ್ಕಿಯ ವ್ಯಾಪಾರ ಇದೆ. ಅಷ್ಟರಲ್ಲೇ ಸೊಗಸಾದ ಆಟ ಕಟ್ಟಬಹುದು. ಕೊಡವರನ್ನು ತರುವುದಾದರೂ ಅಷ್ಟೆ. ಮೊದಲು ಕೊಡಗಿಗೆ ಹೋಗಿ ಅಲ್ಲಿನ ಹಿರಿಯರ ಮುಂದೆ ಕೂತು, ಯಾವುದು ತೋರಿಸಬಹುದು ಯಾವುದು ಬೇಡ ಎಂದು ಕೇಳಿ ಬನ್ನಿ.

ಕರ್ನಾಟಕದಿಂದ ಒಂದೇ ಹೆಸರಿಗೆ ಜಾಗವಿದ್ದರೆ ಯಾವುದು ಎಂದು ನೀನು ಕೇಳಿದ್ದೆ. ಎಲ್ಲರೂ ವಿಜಯನಗರ ಎನ್ನುತ್ತಾರೆ. ಅದಕ್ಕೆ ಕಾರಣವೂ ಇದೆ: ಒಳ್ಳೆಯ ಕುದುರೆ ನಾಡಿನಲ್ಲಿ ಹುಟ್ಟುವುದಿಲ್ಲ, ಭಟ್ಕಳದಂಥ ಬಂದರು ಕೈಯಲ್ಲಿರಬೇಕು, ತುಂಗಭದ್ರೆಯ ಕಾಲುವೆಗಳು ಬಂಡೆಗಳ ನಡುವಿನ ರಾಜಧಾನಿಗೆ ಅನ್ನ ಕೊಡುತ್ತವೆ. ಅಲ್ಲದೆ ‘ಯೂರೋಪಾ ಯೂನಿವರ್ಸಾಲಿಸ್ 4’ರಲ್ಲಿ ಅದು ಆಗಲೇ ಇದೆ. ಆ ಆಟ ಶುರುವಾಗುವ 1444ರಲ್ಲಿ ಇಮ್ಮಡಿ ದೇವರಾಯ ಪಟ್ಟದಲ್ಲಿದ್ದ. ಬಹಮನಿಗಳ ಕುದುರೆ ಮತ್ತು ಬಿಲ್ಲಿನ ಮುಂದೆ ಸೋತದ್ದನ್ನು ಒಪ್ಪಿಕೊಂಡು ತನ್ನ ಸೇನೆಗೆ ಮುಸ್ಲಿಂ ಸವಾರರನ್ನೂ ಬಿಲ್ಗಾರರನ್ನೂ ಸೇರಿಸಿಕೊಂಡ ಅರಸ ಎಂದು ಇತಿಹಾಸಕಾರ ಫರಿಶ್ತಾ ಬರೆದಿರುವುದು ಅವನ ಬಗ್ಗೆಯೇ. ಎದುರಾಳಿಯಿಂದ ಕಲಿಯುವುದನ್ನೇ ಒಂದು ನಿಯಮವಾಗಿಸಬಹುದು.

ಆದರೆ ನನ್ನ ಆಯ್ಕೆ ರಾಷ್ಟ್ರಕೂಟರು. ಯಾಕೆಂದರೆ ಅವರ ನಡೆ ಈ ಬಗೆಯ ಆಟಗಳಿಗೆ ಗೊತ್ತೇ ಇಲ್ಲದ ನಡೆ. ಧ್ರುವ, ಮುಮ್ಮಡಿ ಗೋವಿಂದ, ಮುಮ್ಮಡಿ ಇಂದ್ರ ಮೂವರೂ ಉತ್ತರಕ್ಕೆ ದಂಡೆತ್ತಿ ಹೋದರು, ಪ್ರತಿಹಾರರನ್ನು ಸೋಲಿಸಿದರು. 916ರ ಸುಮಾರಿಗೆ ಇಂದ್ರ ಕನೌಜನ್ನೇ ಹಿಡಿದ. ಆ ದಂಡಿನಲ್ಲಿ ಹೋದ ವೇಮುಲವಾಡದ ಸಾಮಂತ ನರಸಿಂಹನ ಪರಾಕ್ರಮವನ್ನು ಪಂಪ ತನ್ನ ಕಾವ್ಯದಲ್ಲಿ ಕೊಂಡಾಡಿದ್ದಾನೆ. ಇಷ್ಟೆಲ್ಲ ಗೆದ್ದು ಮಾಡಿದ್ದೇನು? ಕಪ್ಪ, ಕೀರ್ತಿ, ಬಿರುದುಗಳೊಂದಿಗೆ ದಕ್ಷಿಣಕ್ಕೆ ಮರಳಿದರು. ಗಂಗೆಯ ಬಯಲನ್ನು ಇಟ್ಟುಕೊಳ್ಳಲಿಲ್ಲ. ದಿಗ್ವಿಜಯವೆಂದರೆ ಅದೇ. ನಿಮ್ಮ ಆಟದಲ್ಲಿ ನೆಲ ಹಿಡಿಯದೆಯೇ ಗೆಲ್ಲುವ ದಾರಿ ಇವರಿಗಿರಲಿ: ಹೋಗಬೇಕು, ಗೆಲ್ಲಬೇಕು, ರಾಜಧಾನಿ ಖಾಲಿ ಬಿದ್ದಿರುವಾಗ ಏನೂ ಆಗದಂತೆ ಹಿಂತಿರುಗಬೇಕು. ಪಡುವಣ ಕಡಲಿನಲ್ಲಿ ಅರಬ್ ವ್ಯಾಪಾರಿಗಳೊಂದಿಗೆ ಗೆಳೆತನವೂ ಇರಲಿ. 851ರ ಒಂದು ಅರಬ್ ಬರಹ ರಾಷ್ಟ್ರಕೂಟ ಅರಸನನ್ನು ‘ಬಲ್ಹರಾ’ ಎಂದು ಕರೆದು ಲೋಕದ ನಾಲ್ಕು ದೊಡ್ಡ ದೊರೆಗಳ ಸಾಲಿಗೆ ಸೇರಿಸಿದೆ. ಆಗ ಮಾನ್ಯಖೇಟದಲ್ಲಿ ಆಳುತ್ತಿದ್ದವನು ಅಮೋಘವರ್ಷ.

ಇದಕ್ಕಿಂತ ಸೊಗಸಾದದ್ದು ಸಾಮಂತರ ವಿಷಯ. 753ರ ವೇಳೆಗೆ ದಂತಿದುರ್ಗ ಬಾದಾಮಿ ಚಾಲುಕ್ಯರ ಸಾಮಂತನಾಗಿದ್ದವನೇ ಅವರನ್ನು ಕೆಳಗಿಳಿಸಿ ರಾಷ್ಟ್ರಕೂಟ ಸಾಮ್ರಾಜ್ಯ ಕಟ್ಟಿದ. 972ರಲ್ಲಿ ಮಾಳವದ ಪರಮಾರರು ಮಾನ್ಯಖೇಟವನ್ನು ಸೂರೆ ಮಾಡಿದರು. ಮರುವರ್ಷವೇ ತರ್ದವಾಡಿಯ ಸಾಮಂತ ತೈಲಪ ಎದ್ದು ಕಲ್ಯಾಣ ಚಾಲುಕ್ಯರ ಆಳಿಕೆಗೆ ಅಡಿಗಲ್ಲಿಟ್ಟ. ಆ ಚಾಲುಕ್ಯರ ಪಟ್ಟವನ್ನು ಹನ್ನೆರಡನೇ ಶತಮಾನದಲ್ಲಿ ಕಸಿದವನು ಅವರದೇ ಸಾಮಂತ, ಬಸವಣ್ಣನವರ ಕಾಲದ ಬಿಜ್ಜಳ. ಹೊಯ್ಸಳರೂ ಸೇವುಣರೂ ಆ ಚಾಲುಕ್ಯರ ಸಾಮಂತರಾಗಿದ್ದವರೇ. ನಾಲ್ಕು ನೂರು ವರ್ಷ ಈ ನಾಡಿನಲ್ಲಿ ಸಾಮ್ರಾಟನ ಸಭೆಯಲ್ಲೇ ಮುಂದಿನ ಸಾಮ್ರಾಟ ತಲೆಬಾಗಿ ನಿಂತಿದ್ದ. ‘ಸಿವಿಲೈಸೇಶನ್ 7’ ಮತ್ತು ‘ಹ್ಯೂಮನ್‌ಕೈಂಡ್’ನಲ್ಲಿ ಯುಗ ಬದಲಾದಾಗ ಆಟಗಾರ ತನ್ನ ಜನಾಂಗವನ್ನೇ ಬದಲಿಸಬಹುದು. ಮೌರ್ಯನಾಗಿದ್ದವನು ಚೋಳನಾಗುತ್ತಾನೆ, ಏಕೆಂದು ಕೇಳಿದರೆ ಉತ್ತರವಿಲ್ಲ. ದಖ್ಖನಿನಲ್ಲಿ ಉತ್ತರವಿದೆ. ಸಾಮಂತನಿಗೆ ನೀನು ಕೊಟ್ಟ ನೆಲ, ಕುದುರೆ, ಬಿರುದುಗಳೇ ಅವನನ್ನು ಬೆಳೆಸುತ್ತವೆ. ಅವನಿಲ್ಲದೆ ದಂಡಯಾತ್ರೆ ಮಾಡಲಾರೆ, ಅವನು ಬೆಳೆದರೆ ಉಳಿಯಲಾರೆ. ರಾಜಧಾನಿ ಬಿದ್ದ ದಿನ ಆಟಗಾರ ಆ ಸಾಮಂತನಾಗಿಯೇ ಮುಂದುವರಿಯಬಹುದು. ಇಂಥದೊಂದು ನಿಯಮ ಸಿಕ್ಕರೆ ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ ಎಂದು ಮೂರು ಹೆಸರಿಗೆ ಜಗಳವಾಡಬೇಕಿಲ್ಲ. ಒಂದೇ ಆಟದೊಳಗೆ ಮೂವರೂ ಬರುತ್ತಾರೆ.

ಮತ್ತೆ, ಎಲ್ಲರಿಗೂ ರಾಜ ಇರಲೇಬೇಕೆಂದಿಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘ ದಕ್ಷಿಣದ ರಾಜ್ಯಗಳನ್ನೆಲ್ಲ ದಾಟಿ ವ್ಯಾಪಾರ ಮಾಡಿತು. ಸುಮಾತ್ರಾದ ಬಾರುಸ್‌ನಲ್ಲಿ ಅವರ ಹೆಸರಿನ 1088ರ ತಮಿಳು ಶಾಸನ ಸಿಕ್ಕಿದೆ. ಒಂದಂಗುಲ ನೆಲವನ್ನೂ ಆಳದ, ಎಲ್ಲರ ಗಡಿಯೊಳಗೂ ಓಡಾಡುವ, ಎಲ್ಲ ಅರಸರಿಗೂ ಬೇಕಾದ ಒಂದು ಪಾತ್ರವಾಗಿ ಅವರನ್ನು ಆಡಿಸಿ ನೋಡಿ.

ಹರಪ್ಪದವರನ್ನು ಸೇರಿಸುವುದಾದರೆ ಅವರಿಗೆ ಮಾತ್ರ ನಾಯಕನನ್ನು ಕಲ್ಪಿಸಬೇಡಿ. ಅವರ ಲಿಪಿಯನ್ನು ಒಪ್ಪಿತವಾಗಿ ಯಾರೂ ಓದಿಲ್ಲ, ಒಬ್ಬ ಅರಸನ ಹೆಸರೂ ನಮಗೆ ದಕ್ಕಿಲ್ಲ. ಆ ಜಾಗದಲ್ಲಿ ಊರಿನ ಚರಂಡಿ, ಬಾವಿ, ತೂಕದ ಕಲ್ಲುಗಳೇ ಮಾತಾಡಲಿ.

ಕೊನೆಗೆ ದನಿಯ ವಿಷಯ. ‘ಸಿವಿಲೈಸೇಶನ್ 5’ರಲ್ಲಿ ನೆಬುಕಡ್ನೆಜರ್ ಅಕ್ಕಾಡಿಯನ್ ಭಾಷೆಯಲ್ಲಿ ಮಾತಾಡುತ್ತಾನೆ. ಸತ್ತು ಎರಡು ಸಾವಿರ ವರ್ಷವಾದ ಭಾಷೆಗೆ ಅಷ್ಟು ಶ್ರಮ ಪಟ್ಟಿರುವಾಗ, ಬದುಕಿರುವ ನಮ್ಮ ಭಾಷೆಯ ಹಳೆಯ ರೂಪಕ್ಕೆ ನಾವು ಪಡದಿದ್ದರೆ ಹೇಗೆ? ಅಮೋಘವರ್ಷನ ಬಾಯಲ್ಲಿ ಹಳೆಯ ಸಿನಿಮಾದ ಸಂಭಾಷಣೆ ಬೇಡ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ ಅದು. ಹಳಗನ್ನಡ ಬಲ್ಲವರೊಬ್ಬರನ್ನು ಹುಡುಕಿ ಸಣ್ಣ ಸಣ್ಣ ಸಾಲು ಬರೆಸಿ, ಅವರಿಗೆ ಸಂಭಾವನೆ ಕೊಡಿ, ಹೆಸರನ್ನೂ ಹಾಕಿ. ಬೇಕಿದ್ದರೆ ನನಗೆ ಗೊತ್ತಿರುವ ಒಬ್ಬಿಬ್ಬರನ್ನು ನಾನೇ ಕೇಳುತ್ತೇನೆ.

ಸದ್ಯ ಅಷ್ಟೆಲ್ಲ ಬೇಡ, ನಾಲ್ಕರಿಂದ ಶುರು ಮಾಡಿ. ಕೋಡ್ ಬರೆಯುವ ಮೊದಲು ಸಾಮಂತರ ನಿಯಮವನ್ನು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ, ಕವಡೆ ಹುಣಸೆಬೀಜ ಇಟ್ಟುಕೊಂಡು ಆಡಿ ನೋಡಿ. ಎಲ್ಲಿ ಬೇಸರ ಬರುತ್ತದೆ, ಎಲ್ಲಿ ಸಾಮಂತ ಬೇಗ ಗೆದ್ದುಬಿಡುತ್ತಾನೆ ಎಂಬುದು ಒಂದು ಸಂಜೆಯಲ್ಲಿ ತಿಳಿಯುತ್ತದೆ. ಭಾನುವಾರ ಆದರೆ ನಾನೂ ಬರುತ್ತೇನೆ, ತೈಲಪನ ಪಾಲು ನನಗಿರಲಿ.